ಶಾಲೆಯ ಬೋರ್ಡು ಹೇಳದ ಲೆಕ್ಕ

2024ರ ಮೇ 9ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. 625ಕ್ಕೆ 625 ಅಂಕ ಪಡೆದು ರಾಜ್ಯಕ್ಕೇ ಮೊದಲಿಗಳಾದವಳು ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ವಿದ್ಯಾರ್ಥಿನಿ, ರೈತನ ಮಗಳು. ಸರ್ಕಾರಿ ಶಾಲೆಯ ಪರ ನಿಲ್ಲುವವರಿಗೆ ಇದಕ್ಕಿಂತ ಸಿಹಿ ಸುದ್ದಿ ಬೇಕಿರಲಿಲ್ಲ. ಆದರೆ ಅದೇ ದಿನ ಹೊರಬಿದ್ದ ಪಟ್ಟಿಯ ಇನ್ನೊಂದು ಸಾಲು ಖಾಸಗಿಯವರ ಕೈಗೆ ಸಿಕ್ಕಿತು: ಸರ್ಕಾರಿ ಶಾಲೆಗಳಲ್ಲಿ ಉತ್ತೀರ್ಣರಾದವರು ಶೇ 72ರಷ್ಟು, ಅನುದಾನರಹಿತ ಖಾಸಗಿ ಶಾಲೆಗಳಲ್ಲಿ ಶೇ 86. ಒಂದೇ ಫಲಿತಾಂಶ; ಇಬ್ಬರಿಗೂ ಗೆಲುವು.

ಎರಡೂ ಗೆಲುವುಗಳಲ್ಲಿ ಒಂದೊಂದು ಜರಡಿ ಅಡಗಿದೆ. ಮೊರಾರ್ಜಿ ಶಾಲೆಗಳಿಗೆ ಮಕ್ಕಳು ಸೇರುವುದು ಆರನೇ ತರಗತಿಗೆ, ಪ್ರವೇಶ ಪರೀಕ್ಷೆ ಬರೆದು. ಊಟ, ವಸತಿ, ಸಂಜೆಯ ಓದು ಎಲ್ಲ ಅಲ್ಲೇ. ಊರಿನ ಮಾಮೂಲಿ ಸರ್ಕಾರಿ ಹೈಸ್ಕೂಲಿಗೆ ಇದ್ಯಾವುದೂ ಇಲ್ಲ. ಖಾಸಗಿ ಶಾಲೆಯಲ್ಲಿ ಜರಡಿ ಹಿಡಿಯುವುದು ಅಪ್ಪನ ಜೇಬು, ಅಮ್ಮನ ಓದು. ಸಂಜೆ ಹೋಂವರ್ಕ್ ನೋಡುವವರು ಇರುವ ಮನೆ, ಟ್ಯೂಷನ್ನಿಗೆ ಕಾಸಿರುವ ಮನೆ, ಕೊಯ್ಲಿನ ಕಾಲಕ್ಕೆ ಮಗುವನ್ನು ಶಾಲೆ ಬಿಡಿಸದ ಮನೆ. ಶೇ 72 ಮತ್ತು 86ರ ನಡುವಿನ ಅಂತರದಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು ಎಂದು ಆ ಪಟ್ಟಿ ಹೇಳುವುದಿಲ್ಲ.

ಅದೇ ಪಟ್ಟಿಯನ್ನು ಜಿಲ್ಲಾವಾರು ಓದಿದರೆ ಚಿತ್ರವೇ ಬೇರೆ. ಮೊದಲ ಸ್ಥಾನದ ಉಡುಪಿಯಲ್ಲಿ ಶೇ 94, ಕೊನೆಯ ಯಾದಗಿರಿಯಲ್ಲಿ ಶೇ 50ರ ಆಸುಪಾಸು. ಶಾಲೆಯ ಬೋರ್ಡು ಬದಲಾದರೆ 14 ಅಂಶಗಳ ವ್ಯತ್ಯಾಸ. ಜಿಲ್ಲೆ ಬದಲಾದರೆ ಅದರ ಮೂರು ಪಟ್ಟು. ಅನುದಾನಿತ ಶಾಲೆಗಳ ಕಥೆ ಇನ್ನೂ ಸ್ವಾರಸ್ಯ. ಆಡಳಿತ ಮಂಡಳಿ ಖಾಸಗಿ, ಸಂಬಳ ಸರ್ಕಾರದ್ದು. ಅವುಗಳ ಫಲಿತಾಂಶ ಸರ್ಕಾರಿ ಶಾಲೆಗಳದ್ದಕ್ಕೆ ಹೆಚ್ಚುಕಡಿಮೆ ಸಮ, ಶೇ 72. ಆಡಳಿತ ಖಾಸಗಿಯವರ ಕೈಯಲ್ಲಿದ್ದರೆ ಸಾಕು ಎಂಬ ವಾದ ಇಲ್ಲಿ ತಾಳೆಯಾಗುವುದಿಲ್ಲ.

ಹಾಗಾದರೆ ಶಾಲೆಯ ಪಾಲನ್ನು ಬೇರ್ಪಡಿಸಿ ಅಳೆಯುವುದು ಹೇಗೆ? ಒಂದೇ ಬಗೆಯ ಮನೆಗಳ ಮಕ್ಕಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಬೇಕು. ಒಂದು ಪಾಲನ್ನು ಖಾಸಗಿ ಶಾಲೆಗೆ ಕಳಿಸಬೇಕು, ಇನ್ನೊಂದು ಪಾಲು ಸರ್ಕಾರಿ ಶಾಲೆಯಲ್ಲೇ ಉಳಿಯಬೇಕು. ಕೆಲವು ವರ್ಷ ಕಾದು ಇಬ್ಬರಿಗೂ ಒಂದೇ ಪರೀಕ್ಷೆ ಕೊಡಬೇಕು. ಬಾಯಲ್ಲಿ ಹೇಳಲು ಸುಲಭ, ಮಾಡುವವರು ಯಾರು ಎನ್ನಬಹುದು. ನೆರೆಯ ಆಂಧ್ರಪ್ರದೇಶದಲ್ಲಿ, ತೆಲಂಗಾಣ ಇನ್ನೂ ಬೇರೆಯಾಗಿರದ ಕಾಲದಲ್ಲಿ, ಇದನ್ನು ಮಾಡಿಯೇಬಿಟ್ಟರು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರು ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆಗೂಡಿ 2008ರಲ್ಲಿ ಐದು ಜಿಲ್ಲೆಗಳ 180 ಹಳ್ಳಿಗಳಲ್ಲಿ ಈ ಪ್ರಯೋಗ ಶುರುಮಾಡಿದರು. ಸರ್ಕಾರಿ ಶಾಲೆಯ ಮಕ್ಕಳ ಪೋಷಕರು ಅರ್ಜಿ ಹಾಕಿದರು. ಲಾಟರಿಯಲ್ಲಿ ಹೆಸರು ಬಂದ ಮಕ್ಕಳಿಗೆ ಖಾಸಗಿ ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರದ ಖರ್ಚು ಸಿಕ್ಕಿತು. ಹೆಸರು ಬಾರದವರು ಇದ್ದಲ್ಲೇ ಉಳಿದರು.

ನಾಲ್ಕು ವರ್ಷದ ಬಳಿಕ ಪರೀಕ್ಷೆ ಮಾಡಿದಾಗ ತೆಲುಗಿನಲ್ಲಿ ವ್ಯತ್ಯಾಸವಿಲ್ಲ, ಗಣಿತದಲ್ಲಿ ವ್ಯತ್ಯಾಸವಿಲ್ಲ. ಎಲ್ಲರೂ ಮೇಲೆ ಬಿದ್ದು ಬಯಸುವ ಇಂಗ್ಲಿಷಿನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಖಾಸಗಿ ಶಾಲೆಯ ಮಕ್ಕಳು ಎದ್ದು ಕಾಣುವಂತೆ ಮುಂದಿದ್ದದ್ದು ಹಿಂದಿಯಲ್ಲಿ ಮಾತ್ರ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹಿಂದಿಯನ್ನು ಹೇಳಿಕೊಡುತ್ತಲೇ ಇರಲಿಲ್ಲವಾದ್ದರಿಂದ ಅದು ಅಚ್ಚರಿಯೂ ಅಲ್ಲ. 2015ರಲ್ಲಿ ಕ್ವಾರ್ಟರ್ಲಿ ಜರ್ನಲ್ ಆಫ್ ಎಕನಾಮಿಕ್ಸ್‌ನಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಸರ್ಕಾರಿ ಶಾಲೆಯ ಅಭಿಮಾನಿಗಳು ಅರ್ಧ ಓದಿ ಚಪ್ಪಾಳೆ ತಟ್ಟುತ್ತಾರೆ. ಉಳಿದರ್ಧ ಹೀಗಿದೆ: ಆ ಖಾಸಗಿ ಶಾಲೆಗಳು ತೆಲುಗು, ಗಣಿತಕ್ಕೆ ಕೊಟ್ಟ ಸಮಯ ಸರ್ಕಾರಿ ಶಾಲೆಗಳಿಗಿಂತ ಕಡಿಮೆ, ಆದರೂ ಫಲಿತಾಂಶ ಸಮ. ಒಂದು ಮಗುವಿಗೆ ಅವು ಮಾಡಿದ ಖರ್ಚು ಸರ್ಕಾರ ಮಾಡುವುದರ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಶಿಕ್ಷಕರ ಸಂಬಳವಂತೂ ಆರನೇ ಒಂದು ಪಾಲನ್ನೂ ಮುಟ್ಟುತ್ತಿರಲಿಲ್ಲ. ಅಂದರೆ ಖಾಸಗಿ ಶಾಲೆ ಹೆಚ್ಚು ಕಲಿಸಿತೆನ್ನುವಂತಿಲ್ಲ. ಅಷ್ಟನ್ನೇ ಅಗ್ಗದಲ್ಲಿ ಕಲಿಸಿತು. ಆ ಅಗ್ಗದ ಬೆಲೆ ತೆತ್ತವರು ಕಡಿಮೆ ಸಂಬಳಕ್ಕೆ ದುಡಿಯುವ ಟೀಚರುಗಳು ಎಂಬುದನ್ನೂ ಮರೆಯಬಾರದು.

ಅಷ್ಟಾದರೂ ಕರ್ನಾಟಕದ ತಂದೆತಾಯಿಗಳು ನಡೆಯುತ್ತಿರುವ ದಿಕ್ಕು ಸ್ಪಷ್ಟ. ರಾಜ್ಯದ ಒಟ್ಟು ಶಾಲೆಗಳಲ್ಲಿ ಬಹುಪಾಲು ಸರ್ಕಾರಿ ಶಾಲೆಗಳೇ. ಮಕ್ಕಳಲ್ಲಿ ಮಾತ್ರ ಅರ್ಧಕ್ಕಿಂತ ಕಡಿಮೆ ಪಾಲು ಅಲ್ಲಿದೆ. ಆಟೊ ಓಡಿಸುವವರು, ಗಾರೆ ಕೆಲಸದವರು, ಗಾರ್ಮೆಂಟ್ಸಿಗೆ ಹೋಗುವ ತಾಯಂದಿರು ಹೊಟ್ಟೆಬಟ್ಟೆ ಕಟ್ಟಿ ಶುಲ್ಕ ತುಂಬುತ್ತಾರೆ. ಇವರನ್ನೆಲ್ಲ ಇಂಗ್ಲಿಷ್ ಮೋಹಿಗಳು, ಪ್ರತಿಷ್ಠೆಗೆ ಬಿದ್ದವರು ಎಂದು ಬೈಯುವುದು ವೇದಿಕೆಗಳಲ್ಲಿ ವಾಡಿಕೆ. ಬೈಯುವವರ ಮೊಮ್ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂದು ಕೇಳುವುದು ಸಭಾಮರ್ಯಾದೆಯಲ್ಲ. ಈ ತಂದೆತಾಯಿಗಳು ದುಡ್ಡು ಕೊಟ್ಟು ನಿಜಕ್ಕೂ ಏನನ್ನು ಕೊಳ್ಳುತ್ತಿದ್ದಾರೆ ಎಂದು ನೋಡಿದರೆ, ಪಾಠಕ್ಕಿಂತ ಬೇರೆಯ ಸಂಗತಿಗಳೇ ಹೆಚ್ಚಾಗಿ ಕಾಣುತ್ತವೆ.

ಮೊದಲನೆಯದು ವಯಸ್ಸು. ಖಾಸಗಿ ಶಾಲೆ ನಾಲ್ಕು ವರ್ಷದ ಮಗುವನ್ನು ಎಲ್‌ಕೆಜಿಗೆ ಸೇರಿಸಿಕೊಳ್ಳುತ್ತದೆ. ಬಹುತೇಕ ಸರ್ಕಾರಿ ಶಾಲೆಗಳ ಬಾಗಿಲು ತೆರೆಯುವುದು ಒಂದನೇ ತರಗತಿಗೆ, ಆರು ವರ್ಷಕ್ಕೆ. ನಡುವಿನ ಎರಡು ವರ್ಷ ಅಂಗನವಾಡಿ. ಅಲ್ಲಿ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಗರ್ಭಿಣಿಯರ ಪೌಷ್ಟಿಕ ಆಹಾರ, ಲಸಿಕೆಯ ಲೆಕ್ಕ, ಮಕ್ಕಳ ತೂಕದ ದಾಖಲೆಗಳ ಜೊತೆಗೆ ಅವರು ಕಲಿಸುವುದನ್ನೂ ನೋಡಿಕೊಳ್ಳಬೇಕು. ಒಮ್ಮೆ ಎಲ್‌ಕೆಜಿಗೆ ವ್ಯಾನು ಹತ್ತಿದ ಮಗು ಒಂದನೇ ತರಗತಿಗೆ ಇಳಿದು ಸರ್ಕಾರಿ ಶಾಲೆಗೆ ಬರುವುದು ಅಪರೂಪ. ಗೆಳೆಯರು ಅಲ್ಲೇ, ಅಕ್ಕನೂ ಅಲ್ಲೇ. ಸರ್ಕಾರಿ ಶಾಲೆ ಮಕ್ಕಳನ್ನು ಕಳೆದುಕೊಳ್ಳುವುದು ಪಾಠದಲ್ಲಿ ಸೋತಲ್ಲ, ಪಾಠ ಶುರುವಾಗುವ ಮೊದಲೇ. ಇದನ್ನು ಅರಿತೇ ಸರ್ಕಾರ ತನ್ನ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಆರಂಭಿಸಿತು. 2024ರಲ್ಲಿ ಕಲ್ಯಾಣ ಕರ್ನಾಟಕದಲ್ಲಿ ದೊಡ್ಡ ಪ್ರಮಾಣದಲ್ಲಿ ಅದು ಶುರುವಾದಾಗ ಬೀದಿಗಿಳಿದವರು ಅಂಗನವಾಡಿ ಕಾರ್ಯಕರ್ತೆಯರು. ಮಕ್ಕಳೆಲ್ಲ ಶಾಲೆಗೆ ಹೋದರೆ ತಮ್ಮ ಕೇಂದ್ರದಲ್ಲಿ ಉಳಿಯುವವರು ಯಾರು ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಎರಡನೆಯದು ಇಂಗ್ಲಿಷ್. ಇದರ ಜಗಳ ಹಳೆಯದು. ಪ್ರಾಥಮಿಕ ಹಂತದಲ್ಲಿ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಬೇಕೆಂದು ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತು. ಖಾಸಗಿ ಶಾಲೆಗಳು ಕನ್ನಡ ಮಾಧ್ಯಮವೆಂದು ಅನುಮತಿ ಪಡೆದು, ಒಳಗೆ ಇಂಗ್ಲಿಷಿನಲ್ಲಿ ಪಾಠ ನಡೆಸಿದವು. ಎಲ್ಲರಿಗೂ ಗೊತ್ತಿದ್ದ ಗುಟ್ಟು ಅದು. 2006ರಲ್ಲಿ ಇಂಥ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆಯನ್ನು ರದ್ದು ಮಾಡಲಾಯಿತು. ಕಡೆಗೆ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಯಾವ ಮಾಧ್ಯಮದಲ್ಲಿ ಓದಬೇಕೆಂಬ ಆಯ್ಕೆ ಮಗು ಮತ್ತು ಪೋಷಕರದ್ದು, ಸರ್ಕಾರ ಅದನ್ನು ಹೇರುವಂತಿಲ್ಲ ಎಂದಿತು. ಐದು ವರ್ಷದ ನಂತರ ಸರ್ಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಸಾಹಿತಿಗಳು, ಕನ್ನಡಪರ ಸಂಘಟನೆಗಳು ಬಲವಾಗಿ ವಿರೋಧಿಸಿದರು. ಇತ್ತ ಆ ವಿಭಾಗಗಳ ಸೀಟಿಗೆ ಹಲವೆಡೆ ಪೋಷಕರ ಸಾಲು ನಿಂತಿತು.

ಮನೆಯಲ್ಲಿ ಆಡುವ ನುಡಿಯಲ್ಲಿ ಓದು ಶುರುವಾದರೆ ಮಗುವಿಗೆ ಲೆಕ್ಕ, ವಿಜ್ಞಾನ ಬೇಗ ದಕ್ಕುತ್ತದೆ ಎಂಬುದರಲ್ಲಿ ಶಿಕ್ಷಣತಜ್ಞರಿಗೆ ಅನುಮಾನವಿಲ್ಲ. ಆಂಧ್ರದ ಪ್ರಯೋಗದಲ್ಲೂ ಮಾಧ್ಯಮ ಬದಲಿಸಿ ಇಂಗ್ಲಿಷಿಗೆ ಹೋದ ಮಕ್ಕಳು ಉಳಿದ ವಿಷಯಗಳಲ್ಲಿ ತೊಡಕು ಅನುಭವಿಸಿದ ಸುಳಿವು ಸಿಕ್ಕಿತ್ತು. ಆದರೆ ಪೋಷಕರ ಲೆಕ್ಕ ಒಂದನೇ ತರಗತಿಯದ್ದಲ್ಲ, ಇಪ್ಪತ್ತು ವರ್ಷ ಮುಂದಿನದು. ಕಾಲೇಜು, ಕಂಪನಿ, ಕೋರ್ಟು ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುವಾಗ ಬಡವರ ಮಗು ಮಾತ್ರ ಕನ್ನಡ ಉಳಿಸಲಿ ಎಂದರೆ ಆ ತಾಯಿ ಒಪ್ಪುವುದು ಹೇಗೆ? ಕನ್ನಡ ಮಾಧ್ಯಮದ ಜೊತೆಗೇ ಇಂಗ್ಲಿಷನ್ನು ಭಾಷೆಯಾಗಿ ಚೆನ್ನಾಗಿ ಕಲಿಸುವ ಮೂರನೇ ದಾರಿಯೊಂದಿದೆ. ಅದಕ್ಕೆ ಇಂಗ್ಲಿಷ್ ಬಲ್ಲ ಶಿಕ್ಷಕರು ಬೇಕು. ಸರ್ಕಾರಿ ಶಾಲೆಯಲ್ಲಿ ಸಿಗದಿರುವುದು ಅವರೇ. ಅಗ್ಗದ ಖಾಸಗಿ ಶಾಲೆಯಲ್ಲಂತೂ ಹಲವೆಡೆ ಟೀಚರೇ ಗೈಡ್ ನೋಡಿ ಉತ್ತರ ಬರೆಸುತ್ತಾರೆ.

ಮೂರನೆಯದು, ತರಗತಿಗೊಬ್ಬ ಟೀಚರು. ಈ ಮಾತು ಬಂದಾಗ ನಲಿ-ಕಲಿಯ ಕೋಣೆಯೊಳಗೆ ಒಮ್ಮೆ ಇಣುಕಬೇಕು.

ನಲಿ-ಕಲಿ ಕರ್ನಾಟಕದ ಸರ್ಕಾರಿ ಶಾಲೆಯ ಹೆಮ್ಮೆಯ ಕೂಸು. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಯುನಿಸೆಫ್ ನೆರವಿನಿಂದ ಅದನ್ನು ಕಟ್ಟಿದರು. 2009–10ರ ಹೊತ್ತಿಗೆ ಅದು ರಾಜ್ಯಕ್ಕೆಲ್ಲ ಹರಡಿತು. ಕೋಣೆಯಲ್ಲಿ ಬೆಂಚಿಲ್ಲ. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಪ್ರತಿ ಗುಂಪಿಗೂ 'ತಟ್ಟೆ' ಎಂದು ಹೆಸರು. ಒಂದು ತಟ್ಟೆಯವರಿಗೆ ಶಿಕ್ಷಕಿಯ ಪೂರ್ತಿ ನೆರವು, ಇನ್ನೊಂದರವರಿಗೆ ಅರ್ಧ, ಮತ್ತೊಂದರಲ್ಲಿ ಗೆಳೆಯರೇ ಗೆಳೆಯರಿಗೆ ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಮೇಲೆ ಕಲಿಕೆಯ ಏಣಿಯ ಚಿತ್ರ. ಮಗು ತನ್ನ ಮೆಟ್ಟಿಲು ಎಲ್ಲಿದೆ ಎಂದು ನೋಡಿ, ಅದಕ್ಕೆ ತಕ್ಕ ಕಾರ್ಡನ್ನು ತಾನೇ ಎತ್ತಿಕೊಂಡು ಬರಬೇಕು. ಗೋಡೆಯ ಕೆಳಭಾಗದಲ್ಲಿ, ಮಕ್ಕಳ ಕೈಗೆಟಕುವ ಎತ್ತರದಲ್ಲಿ ಸುತ್ತಲೂ ಬರೆಯುವ ಹಲಗೆ. ಅಕ್ಷರ ಶುರುವಾಗುವುದು ಅ ಆ ಇ ಈಯಿಂದಲ್ಲ. ರ, ಗ, ಸ, ದ, ಅ. ಬರೆಯಲು ಸಲೀಸು, ಕಲಿತ ಕೂಡಲೇ ಜೋಡಿಸಿ ಅರಸ, ದರ, ಸರ, ಗರಗಸ ಎಂದು ಓದಬಹುದು. ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೇ ಕೂತರೂ ಪ್ರತಿ ಮಗುವೂ ತನ್ನದೇ ವೇಗದಲ್ಲಿ ಮುಂದೆ ಹೋಗುತ್ತದೆ. ಲಕ್ಷಗಟ್ಟಲೆ ಶುಲ್ಕದ ನಗರದ ಶಾಲೆಗಳು 'ಚಟುವಟಿಕೆ ಆಧಾರಿತ ಕಲಿಕೆ' ಎಂದು ಹೊಳಪಿನ ಕಾಗದದಲ್ಲಿ ಅಚ್ಚು ಹಾಕಿಸುವುದು ಬಹುಮಟ್ಟಿಗೆ ಇದನ್ನೇ.

ಆದರೆ ಹೊರಗೆ ಕಾಂಪೌಂಡಿನ ಬಳಿ ನಿಂತ ತಂದೆಗೆ ಕಾಣುವುದೇ ಬೇರೆ. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಒಬ್ಬರೇ ಟೀಚರು, ಮಗನಿಗೆ ಇನ್ನೂ ಅ ಆ ಇ ಈ ಬಂದಿಲ್ಲ. ಪಕ್ಕದ ಮನೆಯ ಕಾನ್ವೆಂಟ್ ಮಗು ಎ ಬಿ ಸಿ ಡಿಯನ್ನು ಪಟಪಟ ಒಪ್ಪಿಸುತ್ತಿದೆ. ಯಾವ ತಂದೆಯೂ ಕಲಿಕಾಶಾಸ್ತ್ರ ಓದಿ ಶಾಲೆ ಆರಿಸುವುದಿಲ್ಲ. ಜೊತೆಗೆ ಅವನ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಒಂದರಿಂದ ಐದನೇ ತರಗತಿವರೆಗೆ ಇಬ್ಬರೇ. ಅವರಲ್ಲಿ ಒಬ್ಬರು ತರಬೇತಿಗೋ ಸಭೆಗೋ ಹೋದರೆ ಐದೂ ತರಗತಿ ಒಬ್ಬರ ತಲೆ ಮೇಲೆ. ಗಣತಿ, ಚುನಾವಣೆ, ಸಮೀಕ್ಷೆಗಳೂ ಇವರ ಕೆಲಸವೇ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಚ್ಚಿದಾಗ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಖಾಸಗಿ ಶಾಲೆಗಳು ತಮ್ಮ ಪಾಡಿಗೆ ತೆರೆದವು. ಮನೆಯಲ್ಲಿ ಕೂತ ಮಗುವಿಗೂ ವ್ಯಾನು ಹತ್ತಿದ ಮಗುವಿಗೂ ನಡುವಿನ ಆ ಹತ್ತು ದಿನದ ಅಂತರವನ್ನು ಶಿಕ್ಷಕರ ಅಸಡ್ಡೆಯೆಂದು ಬರೆಯುವಂತಿಲ್ಲ.

ಶಿಕ್ಷಕರ ಮಾತು ಬಂದಾಗ ಎರಡೂ ಕಡೆ ಮುಜುಗರದ ಸಂಗತಿಗಳಿವೆ. ಸರ್ಕಾರಿ ಶಿಕ್ಷಕರು ಡಿ.ಇಡಿ ಅಥವಾ ಬಿ.ಇಡಿ ಮುಗಿಸಿ, ಅರ್ಹತಾ ಪರೀಕ್ಷೆ, ನೇಮಕಾತಿ ಪರೀಕ್ಷೆ ದಾಟಿ ಬಂದವರು. ಅರ್ಹತೆಯ ವಿಷಯದಲ್ಲಿ ಸಣ್ಣ ಖಾಸಗಿ ಶಾಲೆಯವರು ಅವರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಹುದ್ದೆಗಳು ಸಾವಿರಗಟ್ಟಲೆ ಖಾಲಿ ಬಿದ್ದಿವೆ. ಆ ಜಾಗ ತುಂಬುತ್ತಿರುವವರು ತಿಂಗಳಿಗೆ ಹತ್ತು–ಹನ್ನೆರಡು ಸಾವಿರ ರೂಪಾಯಿ ಗೌರವಧನದ ಅತಿಥಿ ಶಿಕ್ಷಕರು. ಜೂನ್‌ನಲ್ಲಿ ಬರುತ್ತಾರೆ, ಶೈಕ್ಷಣಿಕ ವರ್ಷ ಮುಗಿದೊಡನೆ ಕೆಲಸವೂ ಮುಗಿಯುತ್ತದೆ. ಸಣ್ಣ ಖಾಸಗಿ ಶಾಲೆಯ ಮಿಸ್‌ಗಳ ಪಾಡೂ ಇದೇ. ಹೀಗಾಗಿ 'ಖಾಸಗಿ ಶಿಕ್ಷಕಿ', 'ಸರ್ಕಾರಿ ಶಿಕ್ಷಕಿ' ಎಂಬ ಹೋಲಿಕೆ ಎಷ್ಟೋ ಊರುಗಳಲ್ಲಿ ಒಂದೇ ಬಗೆಯ ಇಬ್ಬರು ಹೆಣ್ಣುಮಕ್ಕಳ ಹೋಲಿಕೆ. ಇಬ್ಬರೂ ಪದವೀಧರೆಯರು, ಇಬ್ಬರಿಗೂ ಕೆಲಸದ ಭದ್ರತೆಯಿಲ್ಲ. ಹೋದ ವರ್ಷ ಅಲ್ಲಿದ್ದವರು ಈ ವರ್ಷ ಇಲ್ಲಿರಬಹುದು.

ಖಾಸಗಿ ಶಾಲೆ ಕೊಡಲಾರದ್ದು, ಸರ್ಕಾರಿ ಶಾಲೆ ಸದ್ದಿಲ್ಲದೆ ಕೊಡುತ್ತಿರುವುದು ಊಟ. ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿತು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಬಂತು. ಮೊಟ್ಟೆಯ ವಿಷಯದಲ್ಲಿ ಮಠಗಳಿಂದ ಹಿಡಿದು ಟಿ.ವಿ. ಚರ್ಚೆಗಳವರೆಗೆ ದೊಡ್ಡ ಗದ್ದಲವೇ ಆಯಿತು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವು ಸೇರಿ ವಾರಕ್ಕೆ ಆರು ದಿನ ಮೊಟ್ಟೆ. ಬೇಡವೆಂದವರಿಗೆ ಬಾಳೆಹಣ್ಣು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರುವ ಮಗುವಿಗೆ ಆ ಹಾಲು, ಆ ಮೊಟ್ಟೆ ಯಾವ ಸ್ಮಾರ್ಟ್ ಕ್ಲಾಸಿಗೂ ಕಡಿಮೆಯದ್ದಲ್ಲ. ಕೊಪ್ಪಳದ ಕುಣಿಕೇರಿಯ ಹುಚ್ಚಮ್ಮ ಚೌದ್ರಿ ತಮ್ಮ ಜಮೀನನ್ನೇ ಶಾಲೆಗೆ ಕೊಟ್ಟು, ಅದೇ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತ ನಿಂತವರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಹೋಯಿತು. ಸರ್ಕಾರಿ ಶಾಲೆ 'ನಮ್ಮೂರ ಶಾಲೆ' ಆಗಿದ್ದು ಇಂಥವರಿಂದ.

ಹಾಗೆಂದು 'ನಾವೆಲ್ಲ ಸರ್ಕಾರಿ ಶಾಲೆಯಲ್ಲೇ ಓದಿ ಇಲ್ಲಿಗೆ ಬಂದದ್ದು' ಎಂಬ ನಿವೃತ್ತ ಅಧಿಕಾರಿಗಳ ಮಾತಿಗೆ ತಲೆದೂಗಬೇಕಿಲ್ಲ. ಅವರು ಓದಿದ ಕಾಲದಲ್ಲಿ ಊರ ಗೌಡರ ಮಗ, ಶಾನುಭೋಗರ ಮಗಳು, ಕೂಲಿಯವರ ಮಗ ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು, ಅಥವಾ ಕಡೇಪಕ್ಷ ಒಂದೇ ಸೂರಿನಡಿ. ಮೇಷ್ಟ್ರು ತಡವಾಗಿ ಬಂದರೆ ಕೇಳುವವರ ಮಗುವೂ ಅಲ್ಲೇ ಇತ್ತು. ಈಗ ಕೇಳಬಲ್ಲವರ ಮಕ್ಕಳೆಲ್ಲ ವ್ಯಾನು ಹತ್ತಿದ್ದಾರೆ. 2015ರಲ್ಲಿ ಅಲಹಾಬಾದ್ ಹೈಕೋರ್ಟ್, ಸರ್ಕಾರಿ ಸಂಬಳ ಪಡೆಯುವವರೆಲ್ಲ ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೇ ಸೇರಿಸಬೇಕೆಂದು ಆದೇಶಿಸಿದ್ದರ ಹಿಂದಿದ್ದದ್ದು ಇದೇ ತರ್ಕ. ಆದೇಶ ದೇಶಾದ್ಯಂತ ಸುದ್ದಿಯಾಯಿತು, ಜಾರಿಯಾಗಲಿಲ್ಲ.

ಇಲ್ಲಿ ಒಂದು ವಿಚಿತ್ರವಿದೆ. ಕಾನೂನಿನ ಪ್ರಕಾರ ಶಾಲೆಯನ್ನು ಪ್ರಶ್ನಿಸುವ ಅಧಿಕಾರ ಇರುವುದು ಸರ್ಕಾರಿ ಶಾಲೆಯ ಪೋಷಕರಿಗೆ. ರಾಜಾ ರಾಮಣ್ಣ ಕಾರ್ಯಪಡೆಯ ಸಲಹೆಯ ಮೇರೆಗೆ 2001ರಲ್ಲೇ ಕರ್ನಾಟಕದಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಬಂತು. ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ಅನುದಾನರಹಿತ ಖಾಸಗಿ ಶಾಲೆಗೆ ಈ ನಿಯಮವಿಲ್ಲ. ಅಲ್ಲಿನ ಪೋಷಕರು ಬರೀ ಗಿರಾಕಿಗಳು. ಶುಲ್ಕ ಏಕೆ ಏರಿತೆಂದು ಕೇಳಿದರೆ 'ಇಷ್ಟವಿದ್ದರೆ ಇರಿ, ಇಲ್ಲದಿದ್ದರೆ ಟಿ.ಸಿ. ತಗೊಳ್ಳಿ' ಎಂಬ ಉತ್ತರ ಬರುತ್ತದೆ. ಶುಲ್ಕ ನಿಯಂತ್ರಣಕ್ಕೆ ಸರ್ಕಾರ ಹಿಡಿದಿದ್ದ ಕಾನೂನಿನ ಅಸ್ತ್ರವನ್ನೂ 2023ರ ಜನವರಿಯಲ್ಲಿ ಹೈಕೋರ್ಟ್ ಮೊಂಡು ಮಾಡಿತು. ಆದರೂ ಡೈರಿಯಲ್ಲಿ ಸಹಿ ತಪ್ಪಿದರೆ, ಮಗು ಬಿದ್ದು ಗಾಯ ಮಾಡಿಕೊಂಡರೆ ಹೋಗಿ ಜೋರು ಮಾಡುವ ಧೈರ್ಯ ಬರುವುದು ಖಾಸಗಿ ಶಾಲೆಯಲ್ಲೇ. ದುಡ್ಡು ಕೊಟ್ಟಿದ್ದೇವೆ ಎಂಬ ಧೈರ್ಯ ಅದು. ಇತ್ತ ಎಸ್‌ಡಿಎಂಸಿ ಸದಸ್ಯೆಯಾದ ಕೂಲಿಯ ಹೆಂಗಸು ಸಭೆಯ ನಡಾವಳಿಗೆ ಸಹಿ ಹಾಕಿ ಕೆಲಸಕ್ಕೆ ಓಡುತ್ತಾಳೆ. ಸಭೆ ನಡೆದ ಹೊತ್ತಿಗೆ ಅವಳ ಅರ್ಧ ದಿನದ ಕೂಲಿ ಹೋಗಿರುತ್ತದೆ.

ಎರಡೂ ಲೋಕಗಳನ್ನು ಒಂದೇ ಬೆಂಚಿಗೆ ತರುವ ಪ್ರಯತ್ನವೂ ಒಮ್ಮೆ ಆಯಿತು. ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಖಾಸಗಿ ಶಾಲೆಗಳು ಶೇ 25ರಷ್ಟು ಸೀಟುಗಳನ್ನು ಬಡ, ಹಿಂದುಳಿದ ಮಕ್ಕಳಿಗೆ ಕೊಡಬೇಕು. ಸುಪ್ರೀಂ ಕೋರ್ಟ್ 2012ರ ಏಪ್ರಿಲ್‌ನಲ್ಲಿ ಅದನ್ನು ಎತ್ತಿಹಿಡಿದ ಮೇಲೆ ಕರ್ನಾಟಕದಲ್ಲೂ ಆರ್‌ಟಿಇ ಸೀಟಿಗೆ ನೂಕುನುಗ್ಗಲು. ಶುಲ್ಕವನ್ನು ಮಿತಿಯೊಳಗೆ ಸರ್ಕಾರ ತುಂಬಿಕೊಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಸರ್ಕಾರಕ್ಕೆ ಜ್ಞಾನೋದಯವಾಯಿತು: ತನ್ನ ದುಡ್ಡಿನಲ್ಲೇ ತನ್ನ ಶಾಲೆಗಳು ಖಾಲಿಯಾಗುತ್ತಿವೆ. 2019ರಲ್ಲಿ ನಿಯಮ ಬದಲಾಯಿತು. ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟಿಲ್ಲ. ಹೈಕೋರ್ಟ್ ಈ ತಿದ್ದುಪಡಿಯನ್ನು ಒಪ್ಪಿತು. ಲಕ್ಷ ಮೀರಿದ್ದ ಸೀಟುಗಳು ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರದೊಳಕ್ಕೆ ಕುಸಿದವು. ಸರ್ಕಾರಿ ಶಾಲೆಗೆ ಆ ಮಕ್ಕಳೆಲ್ಲ ಮರಳಿದರೇ? ಹಲವರು ಸಾಲ ಮಾಡಿ ಇನ್ನೂ ಸಣ್ಣ, ಇನ್ನೂ ಅಗ್ಗದ ಖಾಸಗಿ ಶಾಲೆ ಹುಡುಕಿಕೊಂಡರು.

ಇಷ್ಟೆಲ್ಲ ಓದಿದ ಮೇಲೂ ಏಪ್ರಿಲ್–ಮೇ ತಿಂಗಳ ದಾಖಲಾತಿಯ ಹೊತ್ತಿಗೆ ಮನೆಯಲ್ಲಿ ಪ್ರಶ್ನೆ ಏಳುವುದು ತಪ್ಪದು: ನಮ್ಮ ಮಗುವನ್ನು ಎಲ್ಲಿ ಸೇರಿಸೋಣ? ರಾಜ್ಯದ ಸರಾಸರಿ ಅಂಕಿಅಂಶ ಯಾವ ಮಗುವಿಗೂ ಪಾಠ ಹೇಳುವುದಿಲ್ಲ. ಊರಿನ ಆ ಎರಡು ಶಾಲೆಗಳನ್ನಷ್ಟೇ ಅಳೆಯಬೇಕು, ಮತ್ತು ಅದಕ್ಕೊಂದು ಸರಳ ಸಾಧನವಿದೆ. ಪ್ರಥಮ್ ಸಂಸ್ಥೆ ನಡೆಸುವ 'ಅಸರ್' ಸಮೀಕ್ಷೆಯವರು ದೇಶದ ಹಳ್ಳಿಗಳಲ್ಲಿ ಮನೆಬಾಗಿಲಿಗೆ ಹೋಗಿ ಮಗುವಿನ ಕೈಗೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಕೆಲವು ಅಕ್ಷರ, ಕೆಲವು ಪದ, ಒಂದು ಪುಟ್ಟ ಪ್ಯಾರಾ, ಎರಡನೇ ತರಗತಿ ಮಟ್ಟದ ಒಂದು ಕಥೆ ಇರುತ್ತದೆ. 2024ರ ಸಮೀಕ್ಷೆಯಲ್ಲಿ ಮೂರನೇ ತರಗತಿಯ ಸರ್ಕಾರಿ ಶಾಲೆ ಮಕ್ಕಳ ಪೈಕಿ ಆ ಕಥೆಯನ್ನು ಓದಬಲ್ಲವರು ಶೇ 23.4. ಎರಡು ವರ್ಷದ ಹಿಂದಿನ ಶೇ 16.3ಕ್ಕೆ ಹೋಲಿಸಿದರೆ ಒಳ್ಳೆಯ ಏರಿಕೆ. ಖಾಸಗಿ ಶಾಲೆಯವರು ಶೇ 35ರಷ್ಟು. ಮುಂದಿದ್ದಾರೆ, ನಿಜ. ಆದರೆ ಶುಲ್ಕ ಕಟ್ಟಿದ ಪ್ರತಿ ಮೂವರಲ್ಲಿ ಇಬ್ಬರು ತಮಗಿಂತ ಒಂದು ತರಗತಿ ಕೆಳಗಿನ ಕಥೆಯನ್ನು ಓದಲಾರರು ಎಂಬುದೂ ಅಷ್ಟೇ ನಿಜ. ಅಂಥ ಹಾಳೆಯನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಸೇರಿಸಬೇಕೆಂದಿರುವ ಶಾಲೆಯಲ್ಲಿ ಮೂರನೇ ಕ್ಲಾಸು ಓದುತ್ತಿರುವ ನೆರೆಮನೆಯ ನಾಲ್ಕು ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಓದಿಸಿದರೆ, ಫ್ಲೆಕ್ಸ್ ಬ್ಯಾನರ್ ಹೇಳದ ಸತ್ಯ ಹತ್ತು ನಿಮಿಷದಲ್ಲಿ ಹೊರಬರುತ್ತದೆ. ಆ ಶಾಲೆಯ ಟೀಚರುಗಳು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂದು ಕೇಳುವುದೂ ಒಳ್ಳೆಯದು. ಕಟ್ಟಡದ ಬಣ್ಣ, ಟೈ, ಶೂಗಳಿಗಿಂತ ಇವೆರಡು ಉತ್ತರಗಳು ಹೆಚ್ಚು ಹೇಳುತ್ತವೆ.

ಪೋಷಕರು ಕೇಳುವುದನ್ನೇ ಸರ್ಕಾರಿ ಶಾಲೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ದಡ್ಡಲಕಾಡು ಶಾಲೆ ಸಾಕ್ಷಿ. ಮಕ್ಕಳಿಲ್ಲದೆ ಮುಚ್ಚುವ ಹಂತಕ್ಕೆ ಬಂದಿದ್ದ ಆ ಹಿರಿಯ ಪ್ರಾಥಮಿಕ ಶಾಲೆಯನ್ನು ಊರಿನ ಯುವಕರ ಶ್ರೀ ದುರ್ಗಾ ಫ್ರೆಂಡ್ಸ್ ಕ್ಲಬ್ ದತ್ತು ತೆಗೆದುಕೊಂಡಿತು. ಹೊಸ ಕಟ್ಟಡ ಎದ್ದಿತು, ಎಲ್‌ಕೆಜಿ, ಯುಕೆಜಿ ಶುರುವಾಯಿತು, ಕನ್ನಡದ ಜೊತೆಗೆ ಇಂಗ್ಲಿಷ್ ಕಲಿಕೆ ಬಂತು, ಮಕ್ಕಳನ್ನು ಕರೆತರಲು ಬಸ್ಸೂ ಬಂತು. ಖಾಸಗಿ ಶಾಲೆಗೆ ಹೋಗುತ್ತಿದ್ದ ಮಕ್ಕಳು ತಿರುಗಿ ಬಂದರು. ಕೆಲವೇ ವರ್ಷಗಳಲ್ಲಿ ಸಂಖ್ಯೆ ನೂರಾರಕ್ಕೆ ಏರಿತು. ಶಾಲೆ ಸರ್ಕಾರದ್ದೇ, ಪಠ್ಯಪುಸ್ತಕವೂ ಅದೇ.

ಸರ್ಕಾರದ ಕರ್ನಾಟಕ ಪಬ್ಲಿಕ್ ಶಾಲೆಗಳು, ಜನ ಕರೆಯುವಂತೆ ಕೆಪಿಎಸ್, ಇದೇ ಸೂತ್ರವನ್ನು ದೊಡ್ಡದಾಗಿ ಹಿಡಿದಿವೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆ‌ವರಣ, ತರಗತಿಗೊಬ್ಬ ಶಿಕ್ಷಕರು, ಇಂಗ್ಲಿಷ್ ವಿಭಾಗ. ಇವುಗಳ ಸೀಟಿಗೆ ಬೇಡಿಕೆಯೂ ಜೋರಾಗಿದೆ. ಆದರೆ ಹೋಬಳಿಗೊಂದು ದೊಡ್ಡ ಶಾಲೆ ಎದ್ದರೆ ಸುತ್ತಲಿನ ಇಪ್ಪತ್ತು–ಮೂವತ್ತು ಮಕ್ಕಳ ಶಾಲೆಗಳ ಗತಿಯೇನು ಎಂಬ ಆತಂಕ ಹಳ್ಳಿಗಳಲ್ಲಿ ಹಬ್ಬಿದೆ. ಅಲ್ಲಿ ಓದುತ್ತಿರುವವರು ಬಹುತೇಕ ತಾಂಡಾ, ಹಟ್ಟಿ, ಕಾಲೊನಿಗಳ ಮಕ್ಕಳು. ನಾಲ್ಕು ಕಿಲೊಮೀಟರ್ ದೂರದ ಶಾಲೆಗೆ ಹೆಣ್ಣುಮಗುವನ್ನು ಕಳಿಸಲು ಬಸ್ಸು ಬೇಕು. ದಡ್ಡಲಕಾಡಿನಲ್ಲಿ ಆ ಬಸ್ಸಿನ ಹೊಣೆಯನ್ನು ಊರ ಯುವಕರು ಹೊತ್ತರು. ಯಾದಗಿರಿಯ, ಕಲಬುರಗಿಯ ತಾಂಡಾಗಳಲ್ಲಿ ಡೀಸೆಲ್ಲಿನ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಎಂಬುದನ್ನು ಇಲಾಖೆ ಮೊದಲು ತೀರ್ಮಾನಿಸಬೇಕಿದೆ.